ಗಗನಾರವಿಂದದ ಪಾಲುದಾರರು

ಎರಡು ಪಕ್ಷಗಳು ಒಂದು ವಸ್ತುವಿಗಾಗಿ ಕಾದಾಡುತ್ತಿರುವುದನ್ನು ಕಂಡರೆ, ಆ ವಸ್ತುವು ಯಾರಿಗೆ ಸೇರತಕ್ಕದ್ದು ಎಂದು ವಿಚಾರಿಸುವುದು ಲೋಕದ ವಾಡಿಕೆ. ಆ ವಸ್ತುವು ನಿಜವಾಗಿ ಇದೆಯೇ ಎಂದು ವಿಚಾರಿಸುವವರು ವಿರಳ. ಅಣ್ಣತಮ್ಮಂದಿರು ಗದ್ದೆಯ ಬದುವಿಗಾಗಿ ಕೋರ್ಟು ಹತ್ತಿದರೆ, ಗದ್ದೆಯಿದೆಯೆಂಬುದರಲ್ಲಿ ಯಾರಿಗೂ ಸಂಶಯವಿರದು. ಅದು ದಾರಿಹೋಕರ ಕಣ್ಣಿಗೂ ಕಾಣುತ್ತಿರುತ್ತದೆ. ಆದರೆ ವ್ಯಾಜ್ಯದ ವಸ್ತುವು ಸಮುದ್ರದಾಚೆಯ ಕಾಡಿನಲ್ಲಿ, ನೆಲದೊಳಗೆ ನೂರಾರು ಅಡಿಗಳ ಕೆಳಗೆ, ಕಲ್ಲಿನಲ್ಲಿ ಬೆರೆತ ಕಣವಾಗಿ ಇರುವಂಥದಾದರೆ? ಆಗ ನೋಡುವವರು ಜಗಳವನ್ನು ಕಂಡೇ ವಸ್ತುವನ್ನು ಊಹಿಸಿಕೊಳ್ಳುವ ಪ್ರಸಂಗ ಒದಗುತ್ತದೆ. ಹೀಗೆ ಊಹಿಸಿಕೊಂಡ ಸಾವಿರಾರು ಮಂದಿ ಗೃಹಸ್ಥರು ಕೂಡಿಟ್ಟ ಹಣವನ್ನು ಕಳೆದುಕೊಂಡ ವೃತ್ತಾಂತವೊಂದು ೧೯೯೭ನೆಯ ಇಸವಿಯಲ್ಲಿ ನಡೆಯಿತು. ಕಾಲು ಶತಮಾನಕ್ಕಿಂತ ಹಳೆಯದಾದರೂ ಅದರ ಪಾಠವು ಇನ್ನೂ ಹಳಸಿಲ್ಲವೆಂದು ತೋರಿದುದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಅದನ್ನು ನಮಗೆ ನೆನಪಿಗೆ ತಂದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ. ಮೂವತ್ತೈದರ ಪ್ರಾಯ; ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ; ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಅರ್ಧ ಗಂಟೆಯಾದರೂ ಕುಳಿತು ಹೋಗದಿದ್ದರೆ ಅವನಿಗೆ ಸಮಾಧಾನವಿಲ್ಲ. ಕೈಯಲ್ಲಿರುವ ಫೋನಿನಿಂದಲೇ ಪರದೇಶದ ಷೇರುಗಳನ್ನು ಕೊಳ್ಳುವ ಅನುಕೂಲ ಈಗ ಇದೆಯಷ್ಟೆ. ಆತನು ಒಂದು ಗಣಿ ಕಂಪೆನಿಯ ಹೆಸರನ್ನು ಹೇಳಿ, ಅದಕ್ಕೂ ಆ ಗಣಿಯಿರುವ ದೇಶದ ಸರಕಾರಕ್ಕೂ ಹಕ್ಕಿನ ವಿಷಯದಲ್ಲಿ ವ್ಯಾಜ್ಯ ನಡೆದಿದೆಯೆಂದೂ, ಅಂತರರಾಷ್ಟ್ರೀಯ ಪಂಚಾಯಿತಿಯ ತೀರ್ಪು ಕಂಪೆನಿಯ ಕಡೆಗಾದರೆ ಷೇರಿನ ಬೆಲೆ ಹತ್ತು ಮಡಿಯಾಗುವುದೆಂದೂ, ಮನೆ ಕಟ್ಟಿಸಲು ಕೂಡಿಟ್ಟ ಹಣದಲ್ಲಿ ಅರ್ಧವನ್ನು ಅದರಲ್ಲಿ ತೊಡಗಿಸುವ ಮನಸ್ಸಾಗಿದೆಯೆಂದೂ ಹೇಳಿದನು. ಕಾಫಿ ತಂದಿಟ್ಟ ನಮ್ಮ ಮನೆಯಾಕೆ, "ಅಲ್ಲಪ್ಪ, ಆ ಚಿನ್ನ ಇರುವುದನ್ನು ನೋಡಿದವರು ಯಾರು?" ಎಂದು ಕೇಳಿದರು. ಆತನು ನಕ್ಕು, "ಅಮ್ಮಾ, ಚಿನ್ನವೇ ಇಲ್ಲದಿದ್ದರೆ ಒಂದು ಸರಕಾರವೂ ಅಷ್ಟು ದೊಡ್ಡ ಕಂಪೆನಿಯೂ ಇಷ್ಟು ವರ್ಷ ಹೊಡೆದಾಡುವುದುಂಟೆ?" ಎಂದನು.

ಮಾತು ಮೇಲುನೋಟಕ್ಕೆ ಸಮಂಜಸವಾಗಿಯೇ ಇದೆ. ಆದರೆ ನಾವು ಹುಡುಗತನದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಕಲಿತ ತರ್ಕದ ಮೊದಲ ಪಾಠಗಳಲ್ಲಿಯೇ ಈ ಮಾತಿಗೆ ಉತ್ತರವಿದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಗಗನಾರವಿಂದದ ಉದಾಹರಣೆ ಗೊತ್ತು. ಆಕಾಶದಲ್ಲಿ ಅರಳಿದ ತಾವರೆಯು ಪರಿಮಳವುಳ್ಳದ್ದು, ಏಕೆಂದರೆ ಅದು ತಾವರೆ, ಕೊಳದ ತಾವರೆಯ ಹಾಗೆ, ಎಂದು ಒಬ್ಬನು ವಾದಿಸುತ್ತಾನೆ. ತಾವರೆಗೆ ಪರಿಮಳವಿರುವುದು ನಿಜವೇ. ಕೊಳದ ತಾವರೆಯ ದೃಷ್ಟಾಂತವೂ ಸರಿಯೇ. ಆದರೆ ಆಕಾಶದಲ್ಲಿ ತಾವರೆಯೇ ಇಲ್ಲ. ಯಾವುದನ್ನು ಕುರಿತು ವಾದ ನಡೆದಿದೆಯೋ ಅದೇ ಇಲ್ಲದಿರುವ ಈ ದೋಷಕ್ಕೆ ನಮ್ಮ ತಾರ್ಕಿಕರು ಆಶ್ರಯಾಸಿದ್ಧಿಯೆಂದು ಹೆಸರಿಟ್ಟರು. ಪರಿಮಳ ಎಷ್ಟು, ಬಣ್ಣ ಯಾವುದು, ಎಸಳು ಯಾರಿಗೆ ಎಷ್ಟೆಷ್ಟು ಎಂದು ಆ ಮೇಲೆ ನಡೆಯುವ ಚರ್ಚೆ ಎಷ್ಟು ಪಾಂಡಿತ್ಯಪೂರ್ಣವಾಗಿದ್ದರೂ ವ್ಯರ್ಥ. ಅದನ್ನು ಓದಿದ ದಿನಗಳಲ್ಲಿ, ಇಂಥ ತಪ್ಪನ್ನು ಯಾವ ಮನುಷ್ಯ ತಾನೆ ಮಾಡಿಯಾನು ಎಂದು ನಾವು ಸಹಪಾಠಿಗಳು ನಗುತ್ತಿದ್ದೆವು. ಮುಂದೆ ಬ್ರೀ-ಎಕ್ಸ್ ಎಂಬ ಕಂಪೆನಿಯ ಕಥೆಯನ್ನು ಪತ್ರಿಕೆಗಳಲ್ಲಿ ಓದಿದಾಗ, ನಗಬೇಕಾದ ವಿಷಯ ಅದಲ್ಲವೆಂದು ತಿಳಿಯಿತು.

ಬ್ರೀ-ಎಕ್ಸ್ ಮಿನರಲ್ಸ್ ಎಂಬುದು ಕೆನಡಾ ದೇಶದ ಕ್ಯಾಲ್ಗರಿ ನಗರದಲ್ಲಿದ್ದ ಒಂದು ಸಣ್ಣ ಕಂಪೆನಿ. ಅದರ ಮುಖ್ಯಸ್ಥ ಡೇವಿಡ್ ವಾಲ್ಷ್ ಮೊದಲು ಷೇರು ದಳ್ಳಾಳಿಯಾಗಿದ್ದವನು. ಜಾನ್ ಫೆಲ್ಡರ್‌ಹಾಫ್ ಎಂಬ ಭೂವಿಜ್ಞಾನಿಯ ಸಲಹೆಯಂತೆ ೧೯೯೩ರಲ್ಲಿ ಈ ಕಂಪೆನಿಯು ಇಂಡೋನೇಷ್ಯಾಕ್ಕೆ ಸೇರಿದ ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂತಾನ್ ಪ್ರಾಂತದಲ್ಲಿ, ದಟ್ಟವಾದ ಮಳೆಕಾಡಿನ ನಡುವೆ, ಬುಸಾಂಗ್ ಎಂಬಲ್ಲಿ ಚಿನ್ನವನ್ನು ಹುಡುಕುವ ಹಕ್ಕನ್ನು ಕೊಂಡಿತು. ಆಗ ಅದರ ಷೇರಿನ ಬೆಲೆ ಕೆಲವೇ ಸೆಂಟುಗಳು. ಕೆಲಸದ ಉಸ್ತುವಾರಿ ಫಿಲಿಪೈನ್ಸಿನ ಮೈಕೆಲ್ ಡಿ ಗುಸ್ಮಾನ್ ಎಂಬ ಭೂವಿಜ್ಞಾನಿಯದು. ನೆಲವನ್ನು ಕೊರೆದು ತೆಗೆದ ಕಲ್ಲಿನ ಮಾದರಿಗಳಲ್ಲಿ ಚಿನ್ನ ಕಾಣಿಸಿತೆಂದು ಸುದ್ದಿ ಬಂದಿತು. ಮೊದಲ ಅಂದಾಜು ೨೦ ಲಕ್ಷ ಔನ್ಸು. ೧೯೯೫ರಲ್ಲಿ ಅದು ೩ ಕೋಟಿ ಔನ್ಸಾಯಿತು. ೧೯೯೬ರಲ್ಲಿ ಸುಮಾರು ೬ ಕೋಟಿ. ೧೯೯೭ರ ಆರಂಭದಲ್ಲಿ ೭ ಕೋಟಿ ೧೦ ಲಕ್ಷ, ಎಂದರೆ ಸುಮಾರು ೨,೨೦೦ ಟನ್ನು ಚಿನ್ನ!

ಇದು ಎಷ್ಟೆಂಬುದನ್ನು ಕನ್ನಡಿಗರು ತಮ್ಮ ಮನೆಯ ಅಳತೆಯಿಂದಲೇ ಅರಿಯಬಹುದು. ನಮ್ಮ ಕೋಲಾರದ ಚಿನ್ನದ ಗಣಿಗಳು ೧೮೮೦ರ ಸುಮಾರಿಗೆ ಆರಂಭವಾಗಿ ೨೦೦೧ರಲ್ಲಿ ಮುಚ್ಚಲ್ಪಟ್ಟವು. ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಅಸಂಖ್ಯ ಕೂಲಿಕಾರರ ಬೆವರೂ ಪ್ರಾಣವೂ ವೆಚ್ಚವಾಗಿ, ಅಲ್ಲಿ ಹೊರಬಂದ ಚಿನ್ನ ಒಟ್ಟು ಸುಮಾರು ೮೦೦ ಟನ್ನು. ಬುಸಾಂಗಿನಲ್ಲಿ ಅದರ ಎರಡೂವರೆ ಮಡಿಗಿಂತ ಹೆಚ್ಚಿನ ಚಿನ್ನವನ್ನು ಒಂದು ಗುದ್ದಲಿಯ ಗಣಿ ಕೆಲಸವೂ ಆಗುವ ಮೊದಲೇ ಕಾಗದದ ಮೇಲೆ ಎಣಿಸಲಾಗಿತ್ತು. ಷೇರಿನ ಬೆಲೆಯು ೧೯೯೬ರ ಮೇ ತಿಂಗಳಲ್ಲಿ ೨೮೬ ಕೆನಡಾ ಡಾಲರುಗಳನ್ನು ದಾಟಿತು. ಆ ಬಳಿಕ ಒಂದೊಂದು ಷೇರನ್ನೂ ಹತ್ತಾಗಿ ಒಡೆದರು. ಕಂಪೆನಿಯ ಒಟ್ಟು ಬೆಲೆ ಅತ್ಯುನ್ನತ ಸ್ಥಿತಿಯಲ್ಲಿ ೬೦೦ ಕೋಟಿ ಕೆನಡಾ ಡಾಲರುಗಳನ್ನು ಮೀರಿತ್ತು.

ಇಷ್ಟು ದೊಡ್ಡ ಐಶ್ವರ್ಯವಿದ್ದಲ್ಲಿ ದಾಯಾದಿಗಳು ಹುಟ್ಟಿಕೊಳ್ಳದಿರುತ್ತಾರೆಯೇ? ಇಂಡೋನೇಷ್ಯಾದಲ್ಲಿ ಆಗ ಸುಹಾರ್ತೋರವರ ಆಳ್ವಿಕೆ. ಬ್ರೀ-ಎಕ್ಸ್ ಕಂಪೆನಿಯು ನಿಯಮಗಳನ್ನು ಸರಿಯಾಗಿ ಪಾಲಿಸಿಲ್ಲವೆಂದು ೧೯೯೬ರಲ್ಲಿ ಸರಕಾರವು ಅದರ ಶೋಧನೆಯ ಪರವಾನಗಿಯನ್ನು ರದ್ದುಪಡಿಸಿತು. ಅದೇ ಸಮಯದಲ್ಲಿ ಕೆನಡಾದ ಮಹಾ ಕಂಪೆನಿಯಾದ ಬಾರಿಕ್ ಗೋಲ್ಡ್ ರಂಗಕ್ಕೆ ಇಳಿಯಿತು. ಅದರ ಸಲಹಾ ಮಂಡಳಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಮತ್ತು ಕೆನಡಾದ ಮಾಜಿ ಪ್ರಧಾನಿ ಬ್ರಯನ್ ಮಲ್ರೋನಿ ಇದ್ದರು. ಬಾರಿಕ್ ಕಂಪೆನಿಯು ಸುಹಾರ್ತೋರ ಹಿರಿಯ ಮಗಳ ವ್ಯಾಪಾರ ಸಂಸ್ಥೆಯೊಂದಿಗೆ ಕೈಜೋಡಿಸಿತು. ಬ್ರೀ-ಎಕ್ಸ್ ಕಂಪೆನಿಯು ಸುಹಾರ್ತೋರ ಮಗನಿಗೆ ಸಂಬಂಧಪಟ್ಟ ಸಂಸ್ಥೆಯನ್ನು ಆಶ್ರಯಿಸಿತು. ಒಂದೇ ಅರಮನೆಯ ಅಕ್ಕತಮ್ಮಂದಿರು ಇದಿರುಬದಿರಾಗಿ ನಿಂತಂತಾಯಿತು. ೧೯೯೬ರ ನವೆಂಬರಿನಲ್ಲಿ, ಬಾರಿಕ್‌ಗೆ ೭೫, ಬ್ರೀ-ಎಕ್ಸಿಗೆ ೨೫ರಂತೆ ಹಂಚಿಕೊಂಡು ರಾಜಿಯಾಗಿರೆಂದು ಸರಕಾರದಿಂದ ಸೂಚನೆ ಬಂದಿತು. ಮರುವರ್ಷದ ಜನವರಿಯಲ್ಲಿ ಪ್ಲೇಸರ್ ಡೋಮ್ ಎಂಬ ಮತ್ತೊಂದು ದೊಡ್ಡ ಕಂಪೆನಿಯೂ ತನ್ನ ಬೇಡಿಕೆಯನ್ನು ಮುಂದಿಟ್ಟಿತು. ಕೊನೆಗೆ ಸುಹಾರ್ತೋರ ಆಪ್ತ ವ್ಯಾಪಾರಿಯಾದ ಬಾಬ್ ಹಸನ್ ನಡುವೆ ಬಂದು, ೧೯೯೭ರ ಫೆಬ್ರವರಿ ೧೭ರಂದು ಹೊಸ ಒಪ್ಪಂದವು ಪ್ರಕಟವಾಯಿತು: ಬ್ರೀ-ಎಕ್ಸಿಗೆ ನೂರಕ್ಕೆ ೪೫, ಹಸನ್‌ಗೆ ಸಂಬಂಧಪಟ್ಟ ಇಂಡೋನೇಷ್ಯಾದ ಕಂಪೆನಿಗಳಿಗೆ ೩೦, ಗಣಿಯನ್ನು ನಡೆಸುವ ಅಮೆರಿಕದ ಫ್ರೀಪೋರ್ಟ್-ಮ್ಯಾಕ್‌ಮೊರಾನ್ ಕಂಪೆನಿಗೆ ೧೫, ಸರಕಾರಕ್ಕೆ ೧೦.

ಈ ತಿಂಗಳುಗಳಲ್ಲಿ ಷೇರುದಾರರ ಸ್ಥಿತಿ ಹೇಗಿತ್ತೆಂದು ಯೋಚಿಸಿ ನೋಡಬೇಕು. ಅವರಲ್ಲಿ ಕೋಟ್ಯಧೀಶರು ಮಾತ್ರವಿರಲಿಲ್ಲ. ಆಲ್ಬರ್ಟಾ ಪ್ರಾಂತದ ಸೇಂಟ್ ಪಾಲ್ ಎಂಬ ಸಣ್ಣ ಊರಿನಲ್ಲಿ, ಒಬ್ಬರಿಂದೊಬ್ಬರು ಕೇಳಿ, ಬೇಸಾಯದವರೂ ಅಂಗಡಿಯವರೂ ಈ ಷೇರನ್ನು ಕೊಂಡಿದ್ದರು. ಅಂಥ ಸಂಸಾರಗಳಲ್ಲಿ ಆ ಚಳಿಗಾಲವೆಲ್ಲ ನಡೆದಿರಬಹುದಾದ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಚಿನ್ನದ ಬೆಲೆ ಆಗ ಔನ್ಸಿಗೆ ಸುಮಾರು ೩೫೦ ಅಮೆರಿಕ ಡಾಲರು. ೭ ಕೋಟಿ ೧೦ ಲಕ್ಷ ಔನ್ಸಿಗೆ ಸುಮಾರು ೨,೫೦೦ ಕೋಟಿ ಡಾಲರು. ಅದರಲ್ಲಿ ನಮಗೆ ೨೫ ಬಂದರೆ ಎಷ್ಟು? ೪೫ ಬಂದರೆ ಎಷ್ಟು? ಮಗಳ ಪಕ್ಷ ಗೆಲ್ಲುವುದೋ, ಮಗನ ಪಕ್ಷವೋ? ಒಪ್ಪಂದವು ಪ್ರಕಟವಾದಾಗ, ಅರ್ಧಕ್ಕಿಂತ ಹೆಚ್ಚನ್ನು ಕಿತ್ತುಕೊಂಡರಲ್ಲಾ ಎಂದು ಅನ್ಯಾಯಕ್ಕಾಗಿ ಮರುಗಬಹುದಾಗಿತ್ತು. ವ್ಯಾಜ್ಯ ತೀರಿ ೪೫ ಆದರೂ ಉಳಿಯಿತಲ್ಲಾ ಎಂದು ನಿಟ್ಟುಸಿರು ಬಿಡಬಹುದಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂಬ ಗಾದೆಯುಂಟು. ಇಲ್ಲಿ ಕುಲಾವಿ ಹೊಲಿಸಿದುದಷ್ಟೇ ಅಲ್ಲ, ಕೂಸಿನ ಆಸ್ತಿಗೆ ಪಾಲುಪಟ್ಟಿಯೂ ಬರೆದಾಗಿತ್ತು; ಬಸುರಿದೆಯೇ ಎಂದು ಸೂಲಗಿತ್ತಿಯನ್ನು ಕೇಳಿದವರು ಮಾತ್ರ ಇರಲಿಲ್ಲ.

ಆ ಪ್ರಶ್ನೆಯು ಬುದ್ಧಿವಂತರಿಗೂ ಹೊಳೆಯಲಿಲ್ಲವೇಕೆ? ಜಗಳದ ದೊಡ್ಡಸ್ತಿಕೆಯೇ ಕಾರಣವೆಂದು ನಾವು ತಿಳಿಯುತ್ತೇವೆ. ದೇಶವನ್ನಾಳುವವರ ಮಕ್ಕಳು, ಹಿಂದೆ ಆಳಿದವರು, ನೂರು ಗಣಿಗಳನ್ನು ಕಂಡ ಕಂಪೆನಿಗಳು, ಇಷ್ಟು ಮಂದಿ ಹಿಡಿದೆಳೆಯುವ ಸೀರೆಯು ಗಾಳಿಯಾಗಿರಲು ಸಾಧ್ಯವೇ ಎಂದು ಸಾಮಾನ್ಯನು ಭಾವಿಸಿದನು. ಪರವಾನಗಿ ರದ್ದಾಯಿತೆಂಬ ಸುದ್ದಿ ಬಂದಾಗ, ಆಸೆಯಿಲ್ಲದೆ ರದ್ದುಮಾಡಿಯಾರೆ ಎಂದನು. ಹೀಗೆ ಒಂದೊಂದು ತೊಡಕೂ ಚಿನ್ನಕ್ಕೆ ಒಂದೊಂದು ಸಾಕ್ಷಿಯಾಗಿ ಪರಿಣಮಿಸಿತು. ಆದರೆ ಆ ದೊಡ್ಡವರು ತಿಳಿದಿದ್ದಾದರೂ ಏನು? ಷೇರುದಾರನು ಷೇರುಪೇಟೆಯ ವಿಮರ್ಶಕನನ್ನು ನಂಬಿದನು. ವಿಮರ್ಶಕನು ಕಂಪೆನಿಯ ಭೂವಿಜ್ಞಾನಿಯನ್ನು ನಂಬಿದನು. ದೊಡ್ಡ ಕಂಪೆನಿಗಳು ಪೇಟೆಯ ಬೆಲೆಯನ್ನು ಕಂಡು ಆಸೆಪಟ್ಟವು. ರಾಜಮನೆತನವು ದೊಡ್ಡ ಕಂಪೆನಿಗಳ ಆಸೆಯನ್ನು ಕಂಡು ಆಸೆಪಟ್ಟಿತು. ಷೇರುದಾರನು ರಾಜಮನೆತನದ ಆಸೆಯನ್ನು ಕಂಡು ಮತ್ತಷ್ಟು ಷೇರು ಕೊಂಡನು. ನಮ್ಮ ಶಾಸ್ತ್ರಕಾರರು ಇದನ್ನು ಅಂಧಪರಂಪರಾ ನ್ಯಾಯವೆಂದು ಕರೆದಿದ್ದಾರೆ. ಕುರುಡರ ಸಾಲೊಂದರಲ್ಲಿ ಪ್ರತಿಯೊಬ್ಬನೂ ಮುಂದಿನವನ ಹೆಗಲನ್ನು ಹಿಡಿದು ಧೈರ್ಯವಾಗಿ ನಡೆಯುತ್ತಾನೆ. ಇಲ್ಲಿ ಆ ಸಾಲು ಬಳಸಿ ಬಂದು ಬಳೆಯಾಗಿತ್ತು. ಮೊದಲನೆಯವನು ಕಡೆಯವನ ಹೆಗಲನ್ನು ಹಿಡಿದಿದ್ದನು.

ಮೋಸವು ನಡೆದ ರೀತಿಯನ್ನೂ ಸ್ವಲ್ಪ ಹೇಳಬೇಕು. ಗಣಿಯನ್ನು ಹುಡುಕುವವರು ನೆಲಕ್ಕೆ ಕೊಳವೆಯನ್ನು ಇಳಿಸಿ ಕೊರೆದು, ಒಳಗಿನ ಬಂಡೆಯನ್ನು ಉದ್ದನೆಯ ಕೋಲಿನ ಆಕಾರದಲ್ಲಿ ಹೊರತೆಗೆಯುತ್ತಾರೆ. ಆ ಕಲ್ಲುಕೋಲನ್ನು ನಡುವೆ ಸೀಳಿ, ಅರ್ಧವನ್ನು ಪುಡಿಮಾಡಿ ಪರೀಕ್ಷೆಗೆ ಕಳುಹಿಸುವುದು, ಉಳಿದ ಅರ್ಧವನ್ನು ಸಾಕ್ಷಿಗಾಗಿ ಜೋಪಾನವಾಗಿ ಇಡುವುದು, ಸಾಮಾನ್ಯ ಪದ್ಧತಿ. ಸಂಶಯ ಬಂದವರು ಆ ಉಳಿದ ಅರ್ಧವನ್ನು ತೆಗೆದುಕೊಂಡು ಮತ್ತೊಮ್ಮೆ ಪರೀಕ್ಷಿಸಬಹುದು. ಬುಸಾಂಗಿನಲ್ಲಿ ಮಾತ್ರ ಇಡೀ ಕೋಲನ್ನೇ ಪುಡಿಮಾಡಿ ಕಳುಹಿಸುತ್ತಿದ್ದರು. ಚಿನ್ನವು ದಪ್ಪ ಕಣಗಳಾಗಿ ಅಲ್ಲಲ್ಲಿ ಚೆದರಿರುವುದರಿಂದ ಹೆಚ್ಚು ಕಲ್ಲನ್ನು ಪರೀಕ್ಷಿಸಿದರೇ ಸರಿಯಾದ ಲೆಕ್ಕ ಸಿಗುವುದೆಂಬ ಕಾರಣವನ್ನು ಕೊಟ್ಟರು, ಕೇಳಿದವರು ಒಪ್ಪಿಕೊಂಡರು. ಪುಡಿಯ ಚೀಲಗಳು ಪರೀಕ್ಷಾಲಯವನ್ನು ಸೇರುವ ಮೊದಲೇ ಅವುಗಳಲ್ಲಿ ಹೊಳೆಯ ಮರಳಿನಿಂದ ಜಾಲಿಸಿ ತೆಗೆದ ಚಿನ್ನವನ್ನು ಬೆರೆಸಲಾಗುತ್ತಿತ್ತು. ಪರೀಕ್ಷಕರು ಪ್ರಾಮಾಣಿಕರೇ. ತಮಗೆ ಬಂದ ಪುಡಿಯಲ್ಲಿ ಚಿನ್ನವಿದೆಯೆಂದು ಅವರು ಬರೆದುದು ಸತ್ಯವೇ. ಆದರೆ ಚೀಲದಲ್ಲಿ ಚಿನ್ನವಿದೆಯೆಂದರೆ ಬೆಟ್ಟದಲ್ಲಿ ಚಿನ್ನವಿದೆಯೆಂದು ಅರ್ಥವಲ್ಲ.

ಹಂಚಿಕೆಯು ಮುಗಿದ ಮೇಲೆ, ಗಣಿಯನ್ನು ನಡೆಸಬೇಕಾಗಿದ್ದ ಫ್ರೀಪೋರ್ಟ್ ಕಂಪೆನಿಯವರು ತಮ್ಮದೇ ಯಂತ್ರಗಳಿಂದ, ಹಿಂದಿನ ರಂಧ್ರಗಳ ಪಕ್ಕದಲ್ಲಿಯೇ ಹೊಸ ರಂಧ್ರಗಳನ್ನು ಕೊರೆದು ನೋಡಿದರು. ಎಣಿಕೆಗೆ ಬರುವಷ್ಟು ಚಿನ್ನ ಅಲ್ಲಿ ಇರಲಿಲ್ಲ. ಈ ಭೇದವನ್ನು ಕುರಿತು ಉತ್ತರ ಹೇಳಲು ಬುಸಾಂಗಿಗೆ ಹೊರಟಿದ್ದ ಡಿ ಗುಸ್ಮಾನ್ ೧೯೯೭ರ ಮಾರ್ಚ್ ೧೯ರಂದು ಹೆಲಿಕಾಪ್ಟರಿನಿಂದ ಕಾಡಿನೊಳಗೆ ಬಿದ್ದು ಮೃತನಾದನು. ಆತ್ಮಹತ್ಯೆಯೆಂದು ಅಧಿಕಾರಿಗಳು ತೀರ್ಮಾನಿಸಿದರು. ಮಾರ್ಚ್ ೨೬ರಂದು ಫ್ರೀಪೋರ್ಟಿನ ಫಲಿತಾಂಶವು ಬಹಿರಂಗವಾಯಿತು. ಮರುದಿನ ಷೇರಿನ ಬೆಲೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಕರಗಿಹೋಯಿತು. ಮಾರುವವರ ನೂಕುನುಗ್ಗಲಿನಲ್ಲಿ ಟೊರಾಂಟೋ ಷೇರುಪೇಟೆಯ ಯಂತ್ರಗಳೇ ನಿಂತುಹೋದವು. ಮೇ ತಿಂಗಳ ಮೊದಲ ವಾರದಲ್ಲಿ ಸ್ಟ್ರಾತ್‌ಕೋನಾ ಎಂಬ ಸ್ವತಂತ್ರ ತಜ್ಞ ಸಂಸ್ಥೆಯು ತನ್ನ ವರದಿಯನ್ನು ಕೊಟ್ಟಿತು: ಬುಸಾಂಗಿನಲ್ಲಿ ತೆಗೆಯಲು ಯೋಗ್ಯವಾದ ಚಿನ್ನವಿಲ್ಲ, ಮಾದರಿಗಳನ್ನು ಕೆಡಿಸಲಾಗಿತ್ತು, ಗಣಿಗಾರಿಕೆಯ ಚರಿತ್ರೆಯಲ್ಲಿಯೇ ಈ ಪ್ರಮಾಣದ ಕೃತ್ರಿಮವು ನಡೆದುದಿಲ್ಲ. ವಾಲ್ಷ್ ೧೯೯೮ರಲ್ಲಿ ತೀರಿಕೊಂಡನು. ಫೆಲ್ಡರ್‌ಹಾಫನ ಮೇಲೆ ಒಳಗಿನ ಸುದ್ದಿಯನ್ನು ತಿಳಿದು ಷೇರು ಮಾರಿದನೆಂಬ ಆಪಾದನೆ ಬಂದರೂ, ೨೦೦೭ರಲ್ಲಿ ನ್ಯಾಯಾಲಯವು ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಮೋಸಕ್ಕಾಗಿ ಯಾರೂ ಸೆರೆಮನೆಯನ್ನು ಕಾಣಲಿಲ್ಲ.

ನೂರರಲ್ಲಿ ನಲವತ್ತೈದಕ್ಕಾಗಿ ಕಾದಾಡಿದವರಿಗೂ ಹತ್ತಕ್ಕಾಗಿ ಕಾದಾಡಿದವರಿಗೂ ಕಡೆಗೆ ಸಮಪಾಲು ದೊರೆಯಿತು. ಸೊನ್ನೆಯಲ್ಲಿ ನೂರಕ್ಕೆ ನಲವತ್ತೈದು ಎಷ್ಟೆಂದು ನಾವು ಮಾಧ್ಯಮಿಕ ಶಾಲೆಯ ಮಕ್ಕಳನ್ನು ಕೇಳಿದ್ದರೆ ಬೆಂಚಿನ ಕೊನೆಯ ಹುಡುಗನೂ ಹೇಳುತ್ತಿದ್ದನು.

ಇದರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದ ಸಂಗತಿ ಒಂದಿದೆ. ನಷ್ಟವಾದವರ ಪಟ್ಟಿಯಲ್ಲಿ ಕೆನಡಾದ ಆಂಟೇರಿಯೋ ಪ್ರಾಂತದ ಉಪಾಧ್ಯಾಯರ ಪಿಂಚಣಿ ನಿಧಿಯೂ ಇತ್ತು. ಅದರ ನಷ್ಟ ಸುಮಾರು ೧೦ ಕೋಟಿ ಕೆನಡಾ ಡಾಲರು. ನಾವೂ ಉಪಾಧ್ಯಾಯರಾಗಿದ್ದವರು, ತಿಂಗಳ ಮೊದಲಲ್ಲಿ ಬರುವ ಪಿಂಚಣಿಯೇ ನಮ್ಮ ಮನೆಯ ಅಕ್ಕಿಬೇಳೆ, ಔಷಧಿ, ಮೊಮ್ಮಕ್ಕಳ ಕೈಗೆ ಕೊಡುವ ನಾಲ್ಕು ಕಾಸು. ಆ ದೂರದ ದೇಶದಲ್ಲಿ ಕೈಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡು ಮೂವತ್ತು ವರ್ಷ ಮಗ್ಗಿ ಹೇಳಿಕೊಟ್ಟ ಮಾಸ್ತರರು ಷೇರನ್ನು ಕೊಂಡವರಲ್ಲ, ಬೋರ್ನಿಯೋ ಕಾಡಿನ ಹೆಸರನ್ನು ಕೇಳಿದ್ದವರೂ ಅಲ್ಲದಿರಬಹುದು. ಅವರ ಹಣವನ್ನು ನೋಡಿಕೊಳ್ಳುವ ಜಾಣರು ಅವರ ಪರವಾಗಿ ಗಗನಾರವಿಂದದ ಎಸಳುಗಳನ್ನು ಕೊಂಡಿದ್ದರು. ಆ ನಿಧಿಯು ಬಹು ದೊಡ್ಡದಾದುದರಿಂದ ಪೆಟ್ಟನ್ನು ತಾಳಿಕೊಂಡಿತು. ಸೇಂಟ್ ಪಾಲ್ ಊರಿನ ಗೃಹಸ್ಥನಿಗೆ ಅಂಥ ನಿಧಿಯಿರಲಿಲ್ಲ.

ಇದು ವಂಚಕರ ಕಥೆಯಾಯಿತು, ಚಿನ್ನವು ನಿಜವಾಗಿಯೇ ಇರುವಲ್ಲಿ ಈ ಭಯವೇಕೆ ಎಂದು ವಾಚಕರು ಕೇಳಬಹುದು. ನಮ್ಮ ವಿದ್ಯಾರ್ಥಿಯೂ ಹಾಗೆಯೇ ಕೇಳಿದನು. ಅದಕ್ಕೆ ಉತ್ತರವಾಗಿ ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದ ಲಾಸ್ ಕ್ರಿಸ್ಟಿನಾಸ್ ಗಣಿಯ ವಿಷಯವನ್ನು ಹೇಳಿದೆವು. ಅಲ್ಲಿ ಚಿನ್ನವಿರುವುದು ನಿಜ, ಅದರಲ್ಲಿ ವಿವಾದವಿಲ್ಲ. ಕ್ರಿಸ್ಟಲೆಕ್ಸ್ ಎಂಬ ಕೆನಡಾದ ಕಂಪೆನಿಯು ೨೦೦೨ರಲ್ಲಿ ಅಲ್ಲಿಯ ಸರಕಾರೀ ಸಂಸ್ಥೆಯಿಂದ ಗಣಿಯನ್ನು ನಡೆಸುವ ಕರಾರನ್ನು ಪಡೆಯಿತು. ಬೇಕಾದ ಅನುಮತಿ ಇಂದು ಬಂದೀತು, ನಾಳೆ ಬಂದೀತು ಎಂದು ಕಾದು, ೨೦೦೮ರಲ್ಲಿ ಅದು ನಿರಾಕೃತವಾಯಿತು. ೨೦೧೧ರ ಫೆಬ್ರವರಿಯಲ್ಲಿ ಕರಾರೇ ರದ್ದಾಯಿತು. ಕಂಪೆನಿಯು ವಿಶ್ವಬ್ಯಾಂಕಿಗೆ ಸೇರಿದ ಅಂತರರಾಷ್ಟ್ರೀಯ ಪಂಚಾಯಿತಿ ಸಂಸ್ಥೆಯ ಬಾಗಿಲನ್ನು ತಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಸಾಲವನ್ನು ತೀರಿಸಲಾರದೆ, ಸಾಲಗಾರರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೊರೆಹೊಕ್ಕಿತು. ವ್ಯಾಜ್ಯವನ್ನು ಮುಂದುವರಿಸಲು ಹಣವಿಲ್ಲದಿರಲು, ಒಂದು ಹಣಕಾಸಿನ ಸಂಸ್ಥೆಯು ವೆಚ್ಚವನ್ನು ವಹಿಸಿಕೊಂಡು, ಬಂದ ಹಣದಲ್ಲಿ ಬಹುಭಾಗ ತನಗೆ ಎಂದು ಬರೆಸಿಕೊಂಡಿತು.

೨೦೧೬ರ ಏಪ್ರಿಲಿನಲ್ಲಿ ತೀರ್ಪು ಬಂದಿತು. ಕಂಪೆನಿಗೆ ಜಯ: ಸುಮಾರು ೧೨೦ ಕೋಟಿ ಅಮೆರಿಕ ಡಾಲರು, ಅದರ ಮೇಲೆ ಬಡ್ಡಿ. ಆದರೆ ಡಿಕ್ರಿ ಪಡೆಯುವುದು ಬೇರೆ, ವಸೂಲಿ ಮಾಡುವುದು ಬೇರೆ ಎಂಬುದನ್ನು ಕೋರ್ಟು ಕಚೇರಿಯ ಮೆಟ್ಟಿಲು ಹತ್ತಿದ ಯಾವ ಹಳ್ಳಿಯ ರೈತನೂ ಬಲ್ಲನು. ಅಂತರರಾಷ್ಟ್ರೀಯ ಪಂಚಾಯಿತಿಗೆ ತೀರ್ಪು ಬರೆಯುವ ಲೇಖನಿಯಿದೆ. ಮನೆಗೆ ಬಂದು ಜಪ್ತಿಮಾಡುವ ಅಮೀನನಿಲ್ಲ. ಸೋತ ದೇಶದ ಆಸ್ತಿಯು ಬೇರೆ ದೇಶಗಳಲ್ಲಿ ಎಲ್ಲಿದೆಯೆಂದು ಹುಡುಕಿ, ಆಯಾ ದೇಶದ ನ್ಯಾಯಾಲಯದಲ್ಲಿ ಮತ್ತೆ ವ್ಯಾಜ್ಯ ಹೂಡಬೇಕು. ಕ್ರಿಸ್ಟಲೆಕ್ಸ್ ಹಾಗೆಯೇ ಮಾಡಿತು. ವೆನಿಜುವೆಲಾ ಸರಕಾರದ ಎಣ್ಣೆ ಕಂಪೆನಿಗೆ ಅಮೆರಿಕದಲ್ಲಿ ಸಿಟ್ಗೋ ಎಂಬ ಎಣ್ಣೆ ಶುದ್ಧೀಕರಣದ ಉದ್ಯಮವಿತ್ತು. ಅದರ ಒಡೆತನದ ಷೇರುಗಳನ್ನು ಜಪ್ತಿಮಾಡಲು ೨೦೧೮ರಲ್ಲಿ ಡೆಲಾವೇರ್ ರಾಜ್ಯದ ಫೆಡರಲ್ ನ್ಯಾಯಾಲಯವು ಒಪ್ಪಿತು. ನಡುವೆ ಸ್ವಲ್ಪ ಹಣವು ಬಂದುದುಂಟು. ಆದರೆ ತೀರ್ಪು ಬಂದು ಒಂಬತ್ತು ವರ್ಷ ಕಳೆದ ಬಳಿಕ, ೨೦೨೫ರಲ್ಲಿಯೂ, ಆ ಷೇರುಗಳ ಹರಾಜಿನ ವ್ಯಾಜ್ಯವೇ ನಡೆಯುತ್ತಿತ್ತು. ಅಷ್ಟರಲ್ಲಿ ಬೇರೆ ಸಾಲಗಾರರೂ ಅದೇ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಬಂದ ಹಣವು ಮೊದಲು ಕಂಪೆನಿಯ ಸಾಲ ಕೊಟ್ಟವರಿಗೂ ವ್ಯಾಜ್ಯಕ್ಕೆ ಹಣ ಹಾಕಿದವರಿಗೂ ಸಲ್ಲಬೇಕು. ಷೇರುದಾರನು ಪಂಕ್ತಿಯ ಕೊನೆಯವನು. ಅವನ ಎಲೆಯ ಮುಂದೆ ಪಾತ್ರೆ ಬರುವ ವೇಳೆಗೆ ಅದರಲ್ಲಿ ಏನು ಉಳಿದಿರುವುದೋ ಅದು.

ಆದುದರಿಂದ ಗಣಿಯ ಹಕ್ಕಿನ ವ್ಯಾಜ್ಯವನ್ನು ನಂಬಿ ಷೇರು ಕೊಳ್ಳುವವನು ತನ್ನನ್ನು ತಾನು ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ವಸ್ತುವು ಇದೆಯೇ? ಇದ್ದರೆ ಅದು ಈ ಕಂಪೆನಿಯದೇ? ಅದರದಾದರೆ, ಅದರ ಬೆಲೆಯು ನಮ್ಮ ಕೈಗೆ ಬರುವುದೇ? ಸಟ್ಟಾ ವ್ಯಾಪಾರದವರು ಮಾತನಾಡುವುದೆಲ್ಲ ನಡುವಣ ಪ್ರಶ್ನೆಯೊಂದನ್ನೇ ಕುರಿತು. ಏಕೆಂದರೆ ಅದರಲ್ಲಿ ಎರಡು ಪಕ್ಷ, ವಾದ, ಪ್ರತಿವಾದ, ನಾಟಕದ ರಸ, ಎಲ್ಲವೂ ಇವೆ. ಬುಸಾಂಗಿನ ಷೇರುದಾರರು ಮೊದಲನೆಯ ಪ್ರಶ್ನೆಯನ್ನು ಬಿಟ್ಟರು. ಲಾಸ್ ಕ್ರಿಸ್ಟಿನಾಸಿನಲ್ಲಿ ನಡುವಣದು ಗೆಲುವಾದರೂ ಮೂರನೆಯದು ವರ್ಷಗಳನ್ನು ನುಂಗಿತು. ನಡುವಣ ಪ್ರಶ್ನೆಗೆ ಉತ್ತರವು ನಮ್ಮ ಕಡೆಗೇ ಆದರೂ, ಮೊದಲನೆಯದಕ್ಕೋ ಕಡೆಯದಕ್ಕೋ ಇಲ್ಲವೆಂಬ ಉತ್ತರ ಬಂದರೆ ನಮ್ಮ ಹಣವು ಹೋದಂತೆಯೇ.

ಷೇರು ಕೊಳ್ಳುವುದೇ ಪಾಪವೆಂದು ನಾವು ಹೇಳುವವರಲ್ಲ. ದುಡಿಮೆಯ ಉದ್ಯಮಗಳಿಗೆ ಹತ್ತು ಜನರ ಹಣ ಸೇರದೆ ಬಂಡವಾಳವಾಗದು. ಹೋದರೆ ಹೋಗಲೆಂದು ಬೇರೆಯಾಗಿ ಇಟ್ಟ ಹಣದಲ್ಲಿ ಒಬ್ಬನು ಸಾಹಸ ಮಾಡಿದರೆ ಅದು ಅವನ ಇಷ್ಟ. ಮನೆ ಕಟ್ಟುವ ಹಣ, ಮಕ್ಕಳ ಓದಿನ ಹಣ, ಮುಪ್ಪಿನ ಹಣ, ಇವುಗಳ ಮಾತು ಬೇರೆ. ಬೆಂಗಳೂರಿಗೆ ಹೊರಟುನಿಂತ ನಮ್ಮ ವಿದ್ಯಾರ್ಥಿಗೆ ಇಷ್ಟನ್ನೇ ಹೇಳಿದೆವು. ಆತನು ಏನು ಮಾಡಿದನೆಂದು ನಾವು ಮತ್ತೆ ಕೇಳಿಲ್ಲ. ಬೆಳೆದ ಮಗನ ಹಣದ ಚೀಲದೊಳಗೆ ಇಣುಕುವುದು ಗುರುವಿಗೂ ಸಲ್ಲದು.

ನಮ್ಮ ಮನೆಗಳಲ್ಲಿ ಚಿನ್ನವನ್ನು ಕೊಳ್ಳುವ ಕ್ರಮವನ್ನು ನೋಡಿದರೆ ನಮಗೆ ಈ ವಿವೇಕವನ್ನು ಹೊರಗಿನವರು ಕಲಿಸಬೇಕಾದುದಿಲ್ಲವೆಂದು ತೋರುತ್ತದೆ. ನಾಲ್ಕು ಗ್ರಾಮಿನ ಉಂಗುರವನ್ನು ಕೊಳ್ಳುವಾಗ ನಮ್ಮ ಹೆಂಗಸರು ಮುದ್ರೆಯನ್ನು ನೋಡುತ್ತಾರೆ, ತೂಕವನ್ನು ಎರಡು ಸಲ ಹಾಕಿಸುತ್ತಾರೆ. ಸಂಶಯ ಬಂದರೆ ಬೇರೆ ಅಂಗಡಿಯ ಒರೆಗಲ್ಲಿಗೆ ತಿಕ್ಕಿಸಿ ನೋಡುತ್ತಾರೆ. ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದಾರೆಂಬುದನ್ನು ಅವರು ಚಿನ್ನದ ಅಪ್ಪಟತನಕ್ಕೆ ಪ್ರಮಾಣವಾಗಿ ಎಣಿಸುವುದಿಲ್ಲ. ಉಂಗುರಕ್ಕೆ ಬೇಕಾದ ಈ ಎಚ್ಚರವು ೨,೨೦೦ ಟನ್ನಿಗೆ ಬೇಡವೇ? ಬುಸಾಂಗಿನ ಬಳಿಕ ಕೆನಡಾದಲ್ಲಿ ೨೦೦೧ರಿಂದ ಹೊಸ ನಿಯಮವು ಜಾರಿಗೆ ಬಂದು, ಗಣಿ ಕಂಪೆನಿಗಳು ಹೊರಡಿಸುವ ಅಂದಾಜುಗಳಿಗೆ ಅರ್ಹ ತಜ್ಞನೊಬ್ಬನು ತನ್ನ ಹೆಸರು ಹಾಕಿ ಹೊಣೆಯಾಗಬೇಕೆಂದು ವಿಧಿಸಲಾಯಿತು. ಒಳ್ಳೆಯದೇ. ಆದರೂ ನಿಯಮವು ನಮ್ಮ ಪರವಾಗಿ ಪ್ರಶ್ನೆ ಕೇಳುವುದಿಲ್ಲ. ಕೇಳಿದವನಿಗೆ ಉತ್ತರ ದೊರೆಯುವಂತೆ ಮಾಡುತ್ತದೆ, ಅಷ್ಟೆ. ಮುಂದೆ ಯಾವುದಾದರೂ ದೂರದ ಗಣಿಗಾಗಿ ಸರಕಾರಗಳೂ ಕಂಪೆನಿಗಳೂ ಕಾದಾಡುತ್ತಿರುವ ಸುದ್ದಿಯು ವಾಚಕರ ಕಿವಿಗೆ ಬಿದ್ದರೆ, ಗೆಲ್ಲುವವರು ಯಾರೆಂದು ಊಹಿಸುವ ಮೊದಲು, ಸೀಳಿದ ಕಲ್ಲಿನ ಉಳಿದ ಅರ್ಧವು ಎಲ್ಲಿದೆ, ಅದನ್ನು ಬೇರೆಯವರು ನೋಡಿದ್ದಾರೆಯೇ ಎಂದು ಒಂದು ಮಾತು ಕೇಳಲಿ.